ಹಲ್ಲಿನ ಡಾಕ್ಟರ ಪಕ್ಕ ನಿಂತ ಹುಡುಗಿ

ಹಲ್ಲು ನೋವು ಬಂದಾಗ ಬೇರೆ ಯಾವ ವಿಚಾರವೂ ತಲೆಗೆ ಹತ್ತುವುದಿಲ್ಲ, ಅಲ್ಲವೇ? ರಾತ್ರಿಯೆಲ್ಲ ಲವಂಗ ಕಚ್ಚಿಕೊಂಡು ಮಲಗಿ, ಬೆಳಗ್ಗೆ ಎದ್ದು ಮಕ್ಕಳ ಡಬ್ಬಿ ಕಟ್ಟಿ, ಊದಿದ ಕೆನ್ನೆಗೆ ಸೆರಗು ಹಿಡಿದು ಬಸ್ಸು ಹತ್ತಿದರೆ ಸಾಕಪ್ಪಾ ಎನ್ನಿಸಿರುತ್ತದೆ. ಕ್ಲಿನಿಕ್ಕಿನ ಕುರ್ಚಿಗೆ ಒರಗಿದ ಮೇಲಂತೂ ಕಣ್ಣು ಗಟ್ಟಿಯಾಗಿ ಮುಚ್ಚಿಕೊಳ್ಳುವುದೊಂದೇ ನಮ್ಮ ಕೆಲಸ. ಆದರೆ ಮುಂದಿನ ಸಲ ಹೋದಾಗ ಒಂದು ಗಳಿಗೆ ಕಣ್ಣು ಬಿಟ್ಟು ಡಾಕ್ಟರ ಆಚೆ ಬದಿಗೆ ನೋಡಿ. ಅಲ್ಲೊಬ್ಬಳು ಹುಡುಗಿ ನಿಂತಿರುತ್ತಾಳೆ. ನಿಮ್ಮ ಬಾಯಲ್ಲಿ ತುಂಬುವ ನೀರು, ಎಂಜಲು, ರಕ್ತವನ್ನು ಪೈಪಿನಲ್ಲಿ ಎಳೆಯುತ್ತಿರುತ್ತಾಳೆ. ನೀವು ಎದ್ದು ಹೋದ ಮೇಲೆ ಕುರ್ಚಿ ಒರೆಸುವವಳು, ಬಳಸಿದ ಸೂಜಿ ಎತ್ತಿಡುವವಳು, ನಿಮ್ಮ ಬಾಯಿಗೆ ಹಾಕಿದ್ದ ಸಲಕರಣೆಗಳನ್ನು ತೊಳೆಯುವವಳು ಅವಳೇ.

ಡಾಕ್ಟರ ಹೆಸರು ನಮಗೆ ಗೊತ್ತು. ಅವರ ಫೀಸು ಎಷ್ಟು ಅನ್ನೋದು ಇನ್ನೂ ಚೆನ್ನಾಗಿ ಗೊತ್ತು. ಆ ಹುಡುಗಿಯ ಹೆಸರು ಕೇಳಿದವರು ನಮ್ಮಲ್ಲಿ ಎಷ್ಟು ಜನ ಇದ್ದೀವಿ ಹೇಳಿ?

ನಮ್ಮ ಅಲೀಪುರದಂಥ ಊರುಗಳಲ್ಲಿ ಆ ಹುಡುಗಿ ಬೇರೆ ಯಾರೂ ಅಲ್ಲ, ನಮ್ಮ ಬೀದಿಯವಳೇ. ಅಲೀಪುರ ಅಂದರೆ ಹೊರಗಿನವರಿಗೆ ಹರಳಿನ ವ್ಯಾಪಾರ ನೆನಪಾಗುತ್ತದೆ. ಆದರೆ ಪಿಯುಸಿ ಮುಗಿಸಿದ ಹೆಣ್ಣುಮಕ್ಕಳೆಲ್ಲ ಏನು ಮಾಡಬೇಕು? ಗಾರ್ಮೆಂಟ್ಸ್, ಅಂಗಡಿ, ಪುಟ್ಟ ಶಾಲೆಯಲ್ಲಿ ಟೀಚರ್ ಕೆಲಸ, ಇಲ್ಲವೇ ಗೌರಿಬಿದನೂರಿನಲ್ಲೋ ದೊಡ್ಡಬಳ್ಳಾಪುರದಲ್ಲೋ ಯಾವುದಾದರೂ ಕ್ಲಿನಿಕ್ಕು. ಕ್ಲಿನಿಕ್ ಕೆಲಸ ಅಂದರೆ ಮನೆಯಲ್ಲಿ ಬೇಗ ಒಪ್ಪುತ್ತಾರೆ. ನೆರಳಲ್ಲಿ ಮಾಡುವ ಕೆಲಸ, ಡಾಕ್ಟರು ಗೌರವಸ್ಥರು, ಬಿಳೀ ಕೋಟು ಬೇರೆ. ‘ನಮ್ಮ ಹುಡುಗಿ ಆಸ್ಪತ್ರೆಲಿ ಕೆಲಸಕ್ಕಿದಾಳೆ’ ಎಂದು ನೆಂಟರ ಮುಂದೆ ಹೇಳಿಕೊಳ್ಳಲೂ ಚೆಂದ.

ಹಲ್ಲಿನ ಡಾಕ್ಟರಿಗೆ ನಮ್ಮ ಕಡೆ ಕೆಲಸಕ್ಕೇನೂ ಕೊರತೆಯಿಲ್ಲ ಬಿಡಿ. ಚಿಕ್ಕಬಳ್ಳಾಪುರ ಜಿಲ್ಲೆಯ ಎಷ್ಟೋ ಊರುಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಲೀಟರಿಗೆ ಒಂದೂವರೆ ಮಿಲಿಗ್ರಾಂ ದಾಟಬಾರದು ಎಂಬ ಮಿತಿಯನ್ನು ಮೀರಿದ ನೀರು ಕುಡಿದು ಬೆಳೆದ ಮಕ್ಕಳ ಹಲ್ಲಿನ ಮೇಲೆ ಕಂದು ಗೆರೆ ಮೂಡುತ್ತದೆ. ಮದುವೆ ನಿಶ್ಚಯವಾಗುವ ಹೊತ್ತಿಗೆ ಹಲ್ಲು ಬೆಳ್ಳಗಾಗಬೇಕೆಂದು ತಾಯಂದಿರು ಮಗಳನ್ನು ಕರಕೊಂಡು ಓಡುವುದು ನೋಡಿಲ್ಲವೇ? ಅಲ್ಲಿ ಕುರ್ಚಿಯಲ್ಲಿ ಒಬ್ಬ ಮಗಳು, ಕುರ್ಚಿ ಪಕ್ಕ ಇನ್ನೊಬ್ಬರ ಮಗಳು. ಇಬ್ಬರ ಕ್ಷೇಮವೂ ಒಂದೇ ದಾರದಲ್ಲಿ ಕಟ್ಟಿದ್ದು ಎನ್ನುವುದೇ ನಾನು ಇವತ್ತು ಹೇಳಬೇಕೆಂದಿರುವ ಮಾತು.

ಒಂದು ಬಾಟಲಿಯ ಕಥೆ

ಕಥೆ ಅಂದೆ, ಆದರೆ ಇದು ನಡೆದದ್ದು. ಬೆಂಗಳೂರಿನಿಂದ ಚೆನ್ನೈ ಕಡೆ ರೈಲಿನಲ್ಲಿ ಹೋಗುವವರಿಗೆ ಜೋಲಾರ್‌ಪೇಟೆ ಆದ ಮೇಲೆ ವಾಣಿಯಂಬಾಡಿ ಸಿಗುತ್ತದೆ. ತಮಿಳುನಾಡಿನ ತಿರುಪತ್ತೂರು ಜಿಲ್ಲೆಯ ಊರು, ಚರ್ಮದ ಉದ್ಯಮಕ್ಕೆ ಹೆಸರಾದದ್ದು. 2022ರ ಮಧ್ಯದಿಂದ 2023ರ ಏಪ್ರಿಲ್‌ವರೆಗೆ ಆ ಸುತ್ತಿನ ಕೆಲವರಿಗೆ ಜ್ವರ, ತಲೆನೋವು, ಮುಖ ಸೊಟ್ಟಗಾಗುವುದು, ಮಾತು ತೊದಲುವುದು ಶುರುವಾಯಿತು. ವೆಲ್ಲೂರಿನ ಸಿಎಂಸಿ ಆಸ್ಪತ್ರೆಯ ವೈದ್ಯರು ಕಂಡುಹಿಡಿದದ್ದು ಮೆಲಿಯಾಯ್ಡೋಸಿಸ್ ಎಂಬ ಕಾಯಿಲೆ ಮಿದುಳಿಗೇ ಇಳಿದಿದೆ ಎಂದು. ಇದರ ರೋಗಾಣು ಮಣ್ಣಿನಲ್ಲಿ, ನಿಂತ ನೀರಿನಲ್ಲಿ ಇರುವಂಥದ್ದು. ನಮ್ಮ ಕರಾವಳಿಯಲ್ಲೂ ಮಳೆಗಾಲದಲ್ಲಿ ಇದು ಕಾಣಿಸಿಕೊಳ್ಳುವುದುಂಟು. ಸಕ್ಕರೆ ಕಾಯಿಲೆ ಇದ್ದವರಿಗೆ ಹೆಚ್ಚು. ಆದರೆ ಅದು ನೇರ ಮಿದುಳಿಗೆ ಹೋಗುವುದು ಅಪರೂಪ.

ಒಟ್ಟು 21 ರೋಗಿಗಳಲ್ಲಿ 10 ಮಂದಿ ಒಂದೇ ಹಲ್ಲಿನ ಕ್ಲಿನಿಕ್ಕಿಗೆ ಹೋಗಿ ಬಂದವರು. ಆ 10 ಮಂದಿಯಲ್ಲಿ 8 ಜನ ತೀರಿಹೋದರು. ಹಲ್ಲು ತೋರಿಸಿಕೊಳ್ಳಲು ಹೋದವರು!

ತನಿಖೆ ಮಾಡಿದವರು ಬೊಟ್ಟು ತೋರಿಸಿದ್ದು ಯಾವ ದೊಡ್ಡ ಯಂತ್ರದ ಕಡೆಗೂ ಅಲ್ಲ. ಗಾಯ ತೊಳೆಯಲು ಇಟ್ಟುಕೊಂಡಿದ್ದ ಸಲೈನ್ ಬಾಟಲಿಯ ಕಡೆಗೆ. ಬಾಟಲಿ ತೆರೆಯಲು ವಸಡು ಬಿಡಿಸುವ ಸಲಕರಣೆಯನ್ನೇ ಬಳಸಿ, ಆಮೇಲೆ ಬಾಯಿಗೆ ಹತ್ತಿ ತುರುಕಿ ಇಟ್ಟು, ಮುಂದಿನ ರೋಗಿಗೂ ಅದೇ ಬಾಟಲಿಯ ನೀರು ಬಳಸುತ್ತಿದ್ದರಂತೆ. 2025ರಲ್ಲಿ ಲ್ಯಾನ್ಸೆಟ್ ಬಳಗದ ವೈದ್ಯಕೀಯ ಪತ್ರಿಕೆಯಲ್ಲಿ ಇದೆಲ್ಲ ವಿವರವಾಗಿ ಬಂತು. ಆಗ ಪತ್ರಿಕೆಗಳಲ್ಲೂ ಬಂತು, ಎರಡು ದಿನ ಎಲ್ಲರೂ ‘ಅಯ್ಯೋ’ ಎಂದರು, ಆಮೇಲೆ ಮರೆತರು.

ನನ್ನನ್ನು ಕಾಡುವುದು ಆ ಹತ್ತಿ. ಯಾರೂ ಕೆಟ್ಟ ಬುದ್ಧಿಯಿಂದ ಹತ್ತಿ ತುರುಕುವುದಿಲ್ಲ. ಅರ್ಧ ಬಾಟಲಿ ಉಳಿದಿದೆ, ಯಾಕೆ ಚೆಲ್ಲಬೇಕು ಅನ್ನುವ ಲೆಕ್ಕ. ಅಡುಗೆಮನೆಯಲ್ಲಿ ನಾವು ದಿನವೂ ಮಾಡುವ ಲೆಕ್ಕವೇ ಅದು. ಉಳಿದ ಸಾರು ಕುದಿಸಿಟ್ಟರೆ ನಾಳೆಗಾಗುತ್ತದೆ, ಸರಿ. ಆದರೆ ಕ್ಲಿನಿಕ್ಕಿನಲ್ಲಿ ಆ ಬುದ್ಧಿ ನಡೆಯುವುದಿಲ್ಲ ಎಂದು ಕೆಲಸಕ್ಕೆ ಸೇರಿದ ಮೊದಲ ದಿನ ಆ ಹುಡುಗಿಗೆ ಯಾರು ಹೇಳಿಕೊಟ್ಟಿರುತ್ತಾರೆ? ನಮ್ಮ ಕಡೆ ಬಹುಪಾಲು ಹುಡುಗಿಯರು ಕಲಿಯುವುದು ತಮಗಿಂತ ಮೊದಲಿದ್ದವಳನ್ನು ನೋಡಿ. ಅವಳು ಕಲಿತದ್ದು ಅವಳಿಗಿಂತ ಮೊದಲಿದ್ದವಳನ್ನು ನೋಡಿ!

ಕುಕ್ಕರಿನ ದೊಡ್ಡಕ್ಕ

ಸಲಕರಣೆ ಶುದ್ಧಮಾಡುವುದನ್ನು ಅರ್ಥಮಾಡಿಕೊಳ್ಳಲು ಗೃಹಿಣಿಯರಾದ ನಮಗಿಂತ ಯೋಗ್ಯರು ಬೇರೆ ಯಾರೂ ಇಲ್ಲ ಎನ್ನುತ್ತೇನೆ ನಾನು. ಬರಿಯ ಪಾತ್ರೆಯಲ್ಲಿ ನೀರು ಎಷ್ಟೇ ಕುದಿಯಲಿ, ಶಾಖ 100 ಡಿಗ್ರಿ ದಾಟುವುದಿಲ್ಲ. ಕುಕ್ಕರಿನಲ್ಲಿ ಹಬೆ ಹೊರಗೆ ಹೋಗದೆ ಒತ್ತಡ ಏರಿ 120 ಡಿಗ್ರಿಯ ಹತ್ತಿರ ಮುಟ್ಟುತ್ತದೆ. ಅದಕ್ಕೇ ಅಲ್ಲವೇ ಗಂಟೆಗಟ್ಟಲೆ ಕುದಿಸಿದರೂ ಬೇಯದ ಕಡಲೆಕಾಳು ನಾಲ್ಕು ಕೂಗಿಗೆ ಬೆಂದುಬಿಡುವುದು? ಕ್ಲಿನಿಕ್ಕಿನ ಆಟೋಕ್ಲೇವ್ ಅನ್ನುವುದು ಇದೇ ಕುಕ್ಕರಿನ ದೊಡ್ಡಕ್ಕ. 121 ಡಿಗ್ರಿಯಲ್ಲಿ ಕನಿಷ್ಠ 15ರಿಂದ 20 ನಿಮಿಷ, 134 ಡಿಗ್ರಿಯಾದರೆ ಮೂರು ನಾಲ್ಕು ನಿಮಿಷ. ಕಟ್ಟು ದಪ್ಪವಿದ್ದರೆ ಇನ್ನೂ ಹೊತ್ತು ಬೇಕು. ಬರೀ ಕುದಿಸಿದರೆ ಸಾಯದ ರೋಗಾಣು ಬೀಜಗಳೂ ಇದರಲ್ಲಿ ಸಾಯುತ್ತವೆ. ಹಾಗಾಗಿ ‘ಬಿಸಿನೀರಲ್ಲಿ ಕುದಿಸಿದೀವಮ್ಮಾ’ ಎಂದರೆ ಸಾಲದು. ಡೆಟಾಲ್ ಹಾಕಿದ ತಟ್ಟೆಯಲ್ಲಿ ಅದ್ದಿ ತೆಗೆದರಂತೂ ಅದು ಶುದ್ಧಿಯೇ ಅಲ್ಲ.

ಕುಕ್ಕರಿನಲ್ಲಿ ಡಬ್ಬಿಗಳನ್ನು ಒತ್ತೊತ್ತಾಗಿ ತುರುಕಿದರೆ ಮಧ್ಯದ ಬೇಳೆ ಗಟ್ಟಿಯೇ ಉಳಿಯುತ್ತದೆ ನೋಡಿ, ಆಟೋಕ್ಲೇವಿನಲ್ಲೂ ಅದೇ ಪಾಡು. ಹಬೆ ಸುತ್ತಾಡಲು ಜಾಗ ಬೇಕು. ಇನ್ನೊಂದು, ರಾಗಿಮುದ್ದೆ ಮಾಡಿದ ಪಾತ್ರೆ ಒಣಗಿದ ಮೇಲೆ ಉಜ್ಜಿದ್ದೀರಾ? ಒಣಗಿದ ರಕ್ತವೂ ಹಾಗೇ. ಸಲಕರಣೆಗೆ ಅದು ಅಂಟಿಕೊಂಡಿದ್ದರೆ ಹಬೆ ಒಳಗಿಳಿಯುವುದಿಲ್ಲ. ಮೊದಲು ನೆನೆಸಿ, ಉಜ್ಜಿ ತೊಳೆದು, ಒಣಗಿಸಿ, ಕಾಗದದ ಪೌಚಿನಲ್ಲಿ ಹಾಕಿ ಆಮೇಲೆ ಆಟೋಕ್ಲೇವಿಗೆ. ಪೌಚಿನ ಮೇಲಿನ ಗುರುತಿನ ಬಣ್ಣ ಬದಲಾಗಿದ್ದರೆ ಅದು ಹಬೆಗೆ ಒಡ್ಡಿದ್ದಾಗಿದೆ ಎಂದರ್ಥ. ಆದರೆ ಬಣ್ಣ ಬದಲಾಯಿತೆಂದ ಮಾತ್ರಕ್ಕೆ ರೋಗಾಣು ಸತ್ತಿದೆ ಎಂದಲ್ಲ. ಅದನ್ನು ತಿಳಿಯಲು ವಾರಕ್ಕೊಮ್ಮೆ ರೋಗಾಣು ಬೀಜದ ಪಟ್ಟಿ ಇಟ್ಟು ಪರೀಕ್ಷೆ ಮಾಡಬೇಕು. ಒಳ್ಳೆಯ ಕ್ಲಿನಿಕ್‌ಗಳು ಮಾಡುತ್ತವೆ, ಪುಸ್ತಕದಲ್ಲಿ ಬರೆದೂ ಇಡುತ್ತವೆ.

‘ಗುರ್’ ಎಂದು ಹಲ್ಲು ಕೊರೆಯುವ ಆ ಹಿಡಿ ಇದೆಯಲ್ಲ, ನಿಮಿಷಕ್ಕೆ ಮೂರು ನಾಲ್ಕು ಲಕ್ಷ ಸುತ್ತು ತಿರುಗುವಂಥದ್ದು, ಅದರ ಒಳಕ್ಕೂ ಎಂಜಲು, ರಕ್ತ ಎಳೆದುಕೊಳ್ಳುತ್ತದೆ. ಸ್ಪಿರಿಟ್ ಹಚ್ಚಿ ಹೊರಗೆ ಒರೆಸಿದರೆ ಒಳಗಿನದು ಒಳಗೇ. ಪ್ರತಿ ರೋಗಿಯ ನಂತರ ಅದೂ ಆಟೋಕ್ಲೇವಿಗೆ ಹೋಗಬೇಕು. ಈಗ ಲೆಕ್ಕ ಹಾಕಿ. ಕಾಯಿಸಿ, ಆರಿಸಿ, ತಣಿಸಿ ತೆಗೆಯಲು ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಬೇಕು. ಕ್ಲಿನಿಕ್ಕಿನಲ್ಲಿ ಇರುವುದು ಒಂದೇ ಹಿಡಿ, ಸಂಜೆ ಬಂದಿರುವುದು ಹದಿನೈದು ಜನ ಎಂದರೆ ಏನು ನಡೆಯುತ್ತಿದೆ ಎಂದು ಯಾರೂ ಬಿಡಿಸಿ ಹೇಳಬೇಕಿಲ್ಲ. ಗ್ರಾನೈಟ್ ನೆಲ, ಎಸಿ, ಗೋಡೆ ತುಂಬಾ ಟಿವಿ ಇದ್ದು ಹಿಡಿ ಮಾತ್ರ ಒಂದೇ ಇರುವ ಕ್ಲಿನಿಕ್ಕಿಗಿಂತ ಸಿಮೆಂಟ್ ನೆಲದ ಮೇಲೆ ಐದು ಹಿಡಿ ಇಟ್ಟುಕೊಂಡವರೇ ನನ್ನ ಕಣ್ಣಿಗೆ ದೊಡ್ಡ ಡಾಕ್ಟರು.

ಕುರ್ಚಿಯ ನೀರಿನ ವಿಷಯವೂ ಸಣ್ಣದಲ್ಲ. ತೆಳ್ಳನೆ ಕೊಳವೆಯಲ್ಲಿ ರಾತ್ರಿಯೆಲ್ಲ ನಿಂತ ನೀರಿನಲ್ಲಿ ಲೋಳೆ ಕಟ್ಟುತ್ತದೆ, ನಮ್ಮ ನೀರಿನ ಡ್ರಮ್ಮಿನ ನಲ್ಲಿಯೊಳಗೆ ಕಟ್ಟುವಂತೆ. 2011ರಲ್ಲಿ ಇಟಲಿಯಲ್ಲಿ 82 ವರ್ಷದ ಅಜ್ಜಿಯೊಬ್ಬರು ಹಲ್ಲಿನ ಕ್ಲಿನಿಕ್ಕಿನ ಇಂಥ ನೀರಿನಿಂದಲೇ ನ್ಯುಮೋನಿಯಾದಂಥ ಕಾಯಿಲೆ ತಗುಲಿ ತೀರಿಕೊಂಡರು. ಬೆಳಗ್ಗೆ ಕ್ಲಿನಿಕ್ ತೆರೆದೊಡನೆ ಎರಡು ನಿಮಿಷ, ಆಮೇಲೆ ಪ್ರತಿ ರೋಗಿಯ ನಡುವೆ 20-30 ಸೆಕೆಂಡು ನೀರು ಹರಿಯಬಿಡಬೇಕು. ಆಗಾಗ ಕೊಳವೆಗೆ ಔಷಧ ಹಾಕಿ ತೊಳೆಯಬೇಕು. ಆ ನೀರನ್ನು ಹರಿಯಬಿಡುವಾಗ ಅದರ ತುಂತುರನ್ನು ಉಸಿರಾಡುವವಳು ಯಾರು? ಮತ್ತೆ ಆ ಹುಡುಗಿಯೇ. ಮಾಸ್ಕ್ ಮೂಗಿನ ಮೇಲಿರಬೇಕು, ಗದ್ದಕ್ಕಲ್ಲ.

ಸೂಜಿ ಚುಚ್ಚಿದ ದಿನ

ನಮ್ಮ ಬೀದಿಯ ಹುಡುಗಿಯೊಬ್ಬಳಿಗೆ ಹೀಗಾಯಿತು. ಊರು, ಕ್ಲಿನಿಕ್ಕು ಯಾವುದೂ ಬೇಡ. ಹಲ್ಲು ಕಿತ್ತ ಮೇಲೆ ತಟ್ಟೆ ಎತ್ತುವಾಗ ಅರಿವಳಿಕೆ ಕೊಟ್ಟಿದ್ದ ಸೂಜಿ ತೆಳು ಗ್ಲೌಸ್ ದಾಟಿ ಹೆಬ್ಬೆರಳಿಗೆ ಚುಚ್ಚಿತು. ‘ಸ್ಪಿರಿಟ್ ಹಚ್ಕೋ, ಏನಾಗಲ್ಲ’ ಎಂದರಂತೆ. ಮನೆಗೆ ಬಂದವಳು ಯಾರಿಗೂ ಹೇಳಲಿಲ್ಲ. ಅವಳ ಅಮ್ಮನಿಗೆ ಗೊತ್ತಾದದ್ದು ನಾಲ್ಕನೇ ದಿನ. ಆಕೆ ನನ್ನ ಹತ್ತಿರ ಬಂದು ಮೊದಲು ಕೇಳಿದ್ದೇನು ಗೊತ್ತೇ? ‘ಅಕ್ಕಾ, ರಕ್ತಪರೀಕ್ಷೆ ಮಾಡಿಸಿದರೆ ಊರಿಗೆಲ್ಲ ಗೊತ್ತಾಗುತ್ತಾ? ಗಂಡಿನ ಕಡೆಯವರು ನೋಡಿಕೊಂಡು ಹೋಗಿದಾರೆ...’

ಪರೀಕ್ಷೆಗಳಲ್ಲಿ ಏನೂ ಬರಲಿಲ್ಲ, ಹುಡುಗಿ ಆರೋಗ್ಯವಾಗಿದ್ದಾಳೆ. ಆದರೆ ಆ ತಾಯಿಯ ಪ್ರಶ್ನೆಯಲ್ಲೇ ಇಡೀ ಸಮಸ್ಯೆ ಅಡಗಿದೆ. ಸೂಜಿ ಚುಚ್ಚಿದಾಗ ಗಂಟೆಗಳ ಲೆಕ್ಕ ಮುಖ್ಯ. ನಾವು ಮರ್ಯಾದೆಯ ಲೆಕ್ಕ ಹಾಕುತ್ತಾ ಆ ಗಂಟೆಗಳನ್ನು ಕಳೆದುಬಿಡುತ್ತೇವೆ.

ಏನು ಮಾಡಬೇಕು ಎಂದು ನೇರವಾಗಿ ಹೇಳಿಬಿಡುತ್ತೇನೆ, ಕೆಲಸಕ್ಕೆ ಹೋಗುವ ಮಗಳಿದ್ದವರು ಕತ್ತರಿಸಿ ಇಟ್ಟುಕೊಳ್ಳಿ. ಚುಚ್ಚಿದ ಕೂಡಲೇ ಗ್ಲೌಸ್ ತೆಗೆದು ಹರಿಯುವ ನೀರು ಮತ್ತು ಸೋಪಿನಿಂದ ತೊಳೆಯಬೇಕು. ಬೆರಳು ಹಿಂಡಬಾರದು, ಬಾಯಿಗೆ ಇಟ್ಟುಕೊಂಡು ಚೀಪಬಾರದು, ಸ್ಪಿರಿಟ್, ಬ್ಲೀಚಿಂಗ್ ನೀರು ಹಚ್ಚಬಾರದು. ಕಣ್ಣಿಗೆ ಹಾರಿದ್ದರೆ ಬರೀ ನೀರಿನಿಂದ ಚೆನ್ನಾಗಿ ತೊಳೆಯಬೇಕು. ಕೂಡಲೇ ಡಾಕ್ಟರಿಗೆ ಹೇಳಿ ಅದನ್ನು ಬರೆದಿಡಲು ಕೇಳಬೇಕು. ಯಾವ ರೋಗಿಗೆ ಬಳಸಿದ ಸೂಜಿ ಎಂಬುದೂ ಮುಖ್ಯ, ಆ ರೋಗಿ ಇನ್ನೂ ಅಲ್ಲೇ ಇದ್ದರೆ ಒಪ್ಪಿಗೆ ಪಡೆದು ಅವರ ರಕ್ತವನ್ನೂ ಪರೀಕ್ಷಿಸಬಹುದು. ಎಚ್‌ಐವಿ ತಡೆಯುವ ಮಾತ್ರೆ ಬೇಕಾಗುವಂತಿದ್ದರೆ ಎರಡು ಗಂಟೆಯೊಳಗೆ ಶುರುಮಾಡಿದರೆ ಅತ್ಯುತ್ತಮ. 72 ಗಂಟೆ ದಾಟಿದರೆ ಪ್ರಯೋಜನವಿಲ್ಲ. 28 ದಿನ ನುಂಗಬೇಕು. ಸರ್ಕಾರಿ ಆಸ್ಪತ್ರೆಯಲ್ಲಿ ಇದು ಉಚಿತ. 1097ಕ್ಕೆ ಫೋನ್ ಮಾಡಿದರೂ ಎಲ್ಲಿಗೆ ಹೋಗಬೇಕೆಂದು ತಿಳಿಸುತ್ತಾರೆ.

ಹೆದರಿಸುತ್ತಿಲ್ಲ. ಎಚ್‌ಐವಿ ಇರುವವರ ಸೂಜಿ ಚುಚ್ಚಿದರೂ ಸಾವಿರಕ್ಕೆ ಮೂವರಿಗಷ್ಟೇ ಸೋಂಕು ತಗಲುತ್ತದೆ. ಹೆಪಟೈಟಿಸ್ ಸಿ ಆದರೆ ನೂರಕ್ಕೆ ಇಬ್ಬರು. ನಾವು ಹೆದರಬೇಕಾದದ್ದು ಯಾರೂ ಹೆಸರೆತ್ತದ ಹೆಪಟೈಟಿಸ್ ಬಿ ಬಗ್ಗೆ. ಲಸಿಕೆ ಹಾಕಿಸಿಕೊಳ್ಳದವರಿಗೆ ಈ ಕಾಯಿಲೆಯವರ ಸೂಜಿ ಚುಚ್ಚಿದರೆ ನೂರಕ್ಕೆ ಆರರಿಂದ ಮೂವತ್ತು ಮಂದಿಗೆ ಸೋಂಕು ತಗಲಬಹುದು. ಮೇಜಿನ ಮೇಲೆ ಒಣಗಿದ ರಕ್ತದಲ್ಲೂ ಈ ವೈರಸ್ ಏಳು ದಿನ ಬದುಕಿರುತ್ತದೆ. ಹಳದಿ ಕಾಮಾಲೆಯೆಂದು ನಾವು ಔಷಧಿ ಹುಡುಕಿಕೊಂಡು ಅಲೆಯುವ ಹೊತ್ತಿಗೆ ಒಳಗೆ ಯಕೃತ್ತಿಗೇ ಏಟು ಬಿದ್ದಿರಬಹುದು. ಮುಂದೆ ಬಸಿರಾದರೆ ಹೆರಿಗೆಯ ಹೊತ್ತಿಗೆ ಮಗುವಿಗೂ ದಾಟುತ್ತದೆ.

ಮತ್ತು ಇದೊಂದಕ್ಕೆ ಲಸಿಕೆ ಇದೆ! ಎಚ್‌ಐವಿಗೆ ಇಲ್ಲ, ಹೆಪಟೈಟಿಸ್ ಸಿಗೆ ಇಲ್ಲ, ಇದಕ್ಕಿದೆ. ‘ಚಿಕ್ಕವಳಿದ್ದಾಗ ಎಲ್ಲಾ ಹಾಕಿಸಿದೀವಿ’ ಎಂದು ಸುಮ್ಮನಿರಬೇಡಿ. ಮಕ್ಕಳ ಲಸಿಕೆಯಲ್ಲಿ ಹೆಪಟೈಟಿಸ್ ಬಿ ಇಡೀ ದೇಶಕ್ಕೆ ವಿಸ್ತರಣೆಯಾದದ್ದು 2011ರಲ್ಲಿ. ಇವತ್ತು ಕ್ಲಿನಿಕ್ಕಿನಲ್ಲಿ ನಿಂತಿರುವ ಇಪ್ಪತ್ತರ ಹುಡುಗಿಗೆ ಅದು ಸಿಕ್ಕಿರದೇ ಇರುವ ಸಾಧ್ಯತೆಯೇ ಹೆಚ್ಚು.

ಕೇಳುವ ಹಕ್ಕು

‘ಕೆಲಸ ಕೊಟ್ಟವರ ಹತ್ತಿರ ಇದನ್ನೆಲ್ಲ ಕೇಳೋಕಾಗುತ್ತಾ? ನಾಳೆ ಬರಬೇಡ ಅಂದ್ರೆ?’ ಎನ್ನುತ್ತಾರೆ. ಕೇಳಬಹುದು, ಯಾಕೆಂದರೆ ಇದು ದಯೆ ದಾಕ್ಷಿಣ್ಯದ ವಿಷಯ ಅಲ್ಲ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳು ಹಲ್ಲಿನ ಕ್ಲಿನಿಕ್ಕಿಗೂ ಅನ್ವಯಿಸುತ್ತವೆ. ಅದರಲ್ಲಿ ಬರೆದಿದೆ: ತ್ಯಾಜ್ಯ ಮುಟ್ಟುವ ಪ್ರತಿಯೊಬ್ಬ ಕೆಲಸಗಾರರಿಗೂ ಹೆಪಟೈಟಿಸ್ ಬಿ ಮತ್ತು ಧನುರ್ವಾಯು ಲಸಿಕೆ ಹಾಕಿಸಬೇಕು, ಸೇರುವಾಗ ಮತ್ತು ವರ್ಷಕ್ಕೊಮ್ಮೆ ತರಬೇತಿ ಕೊಡಬೇಕು, ವರ್ಷಕ್ಕೊಮ್ಮೆ ಆರೋಗ್ಯ ತಪಾಸಣೆ ಮಾಡಿಸಬೇಕು, ಸೂಜಿ ಚುಚ್ಚಿದಂಥ ಅವಘಡಗಳನ್ನು ದಾಖಲಿಸಬೇಕು. ಕೆಲಸಗಾರ್ತಿಯರು ಒಬ್ಬಿಬ್ಬರೇ ಇರುವ ಸಣ್ಣ ಕ್ಲಿನಿಕ್ ಎಂದು ವಿನಾಯಿತಿ ಇಲ್ಲ. 2017ರ ಎಚ್‌ಐವಿ ಕಾಯ್ದೆಯೂ ಇದೆ. ಸೋಂಕು ತಗಲುವ ಭಯವಿರುವ ಕಡೆ ಕೆಲಸ ಮಾಡಿಸುವವರು ರಕ್ಷಣೆಯ ಸಾಮಗ್ರಿ, ತರಬೇತಿ, ಚುಚ್ಚಿದ ನಂತರದ ಚಿಕಿತ್ಸೆ ಒದಗಿಸಬೇಕು ಎನ್ನುತ್ತದೆ ಅದು. ಯಾರ ಎಚ್‌ಐವಿ ಪರೀಕ್ಷೆಯ ಫಲಿತಾಂಶವನ್ನೂ ಒಪ್ಪಿಗೆಯಿಲ್ಲದೆ ಹೊರಗೆ ಹೇಳುವಂತಿಲ್ಲ ಎಂದೂ ಅದೇ ಕಾಯ್ದೆ ಹೇಳುತ್ತದೆ. ‘ಊರಿಗೆಲ್ಲ ಗೊತ್ತಾಗುತ್ತಾ’ ಎಂದು ಹೆದರುವ ತಾಯಂದಿರಿಗೆ ಇದನ್ನು ಒತ್ತಿ ಹೇಳುತ್ತಿದ್ದೇನೆ.

ಸೂಜಿಯ ಮುಚ್ಚಳವನ್ನು ಎರಡೂ ಕೈಯಿಂದ ಹಾಕುವ ಅಭ್ಯಾಸ ಎಷ್ಟೋ ಚುಚ್ಚುವಿಕೆಗೆ ಮೂಲ. ಮುಚ್ಚಳವನ್ನು ತಟ್ಟೆಯಲ್ಲಿಟ್ಟು ಒಂದೇ ಕೈಯಿಂದ ಸೂಜಿಯನ್ನು ಅದರೊಳಗೆ ಜಾರಿಸುವುದನ್ನು ಹೇಳಿಕೊಡಬೇಕು. ಇನ್ನೂ ಒಳ್ಳೆಯದೆಂದರೆ ಸೂಜಿ ಬಳಸಿದ ಡಾಕ್ಟರೇ ಅದನ್ನು ವಿಲೇವಾರಿ ಮಾಡುವುದು. ಸೂಜಿ, ಬ್ಲೇಡುಗಳಿಗೆ ಚುಚ್ಚಿದರೂ ತೂತಾಗದ ಬಿಳಿ ಡಬ್ಬಿ. ರಕ್ತದ ಹತ್ತಿ, ಕಿತ್ತ ಹಲ್ಲಿಗೆ ಹಳದಿ ಚೀಲ. ಗ್ಲೌಸ್, ಎಂಜಲು ಎಳೆವ ಪೈಪಿಗೆ ಕೆಂಪು. ಗಾಜಿನ ಬಾಟಲಿಗೆ ನೀಲಿ ಗುರುತಿನದು. ನೀವು ಹೋದ ಕ್ಲಿನಿಕ್ಕಿನಲ್ಲಿ ಎಲ್ಲದಕ್ಕೂ ಒಂದೇ ಪ್ಲಾಸ್ಟಿಕ್ ಬಕೆಟ್ ಇದ್ದರೆ ಆ ಬಕೆಟ್ಟು ಕೊನೆಗೆ ಎಲ್ಲಿಗೆ ಹೋಗುತ್ತದೆ ಯೋಚಿಸಿ. ಅದನ್ನು ಬರಿಗೈಯಲ್ಲಿ ಬೇರೆ ಮಾಡುವ ಪೌರಕಾರ್ಮಿಕ ಮಹಿಳೆಗೂ ಒಂದು ಹೆಬ್ಬೆರಳಿದೆ.

ಸಲಕರಣೆ ತೊಳೆಯಲು ರೋಗಿಗೆ ಹಾಕುವ ತೆಳು ಗ್ಲೌಸ್ ಸಾಲದು, ದಪ್ಪನೆಯ ರಬ್ಬರ್ ಗ್ಲೌಸ್, ಉದ್ದ ಹಿಡಿಯ ಬ್ರಷ್, ಕನ್ನಡಕ ಬೇಕು. ಹರಳು ಸಾಣೆ ಹಿಡಿಯುವವರಿಗೆ ಕಣ್ಣಿಗೆ ಚೂರು ಹಾರುವುದರ ಭಯ ಗೊತ್ತಿರುತ್ತದಲ್ಲ, ಇಲ್ಲೂ ಅಷ್ಟೇ. ಮುಳುಗಿಸಿಡುವ ಗ್ಲುಟರಾಲ್ಡಿಹೈಡ್ ದ್ರಾವಣದ ಘಾಟು ಎದೆಗೂ ಚರ್ಮಕ್ಕೂ ಒಳ್ಳೆಯದಲ್ಲ. ಅದರ ಡಬ್ಬಕ್ಕೆ ಮುಚ್ಚಳ, ಕೋಣೆಗೆ ಕಿಟಕಿ ಬೇಕು. ಎಕ್ಸ್‌ರೇ ತೆಗೆಯುವಾಗ ರೋಗಿಯ ಬಾಯಲ್ಲಿ ಫಿಲ್ಮನ್ನು ಆ ಹುಡುಗಿ ಬೆರಳಿನಿಂದ ಹಿಡಿದುಕೊಳ್ಳಕೂಡದು, ಯಾವತ್ತೂ ಕೂಡದು. ಯಂತ್ರದಿಂದ ಕನಿಷ್ಠ ಆರು ಅಡಿ ದೂರ ನಿಲ್ಲಬೇಕು, ಇಲ್ಲವೇ ಗೋಡೆ ಆಚೆ ಹೋಗಬೇಕು. ಹೊಸದಾಗಿ ಮದುವೆಯಾದವರು ಇದನ್ನು ಗಮನವಿಟ್ಟು ಓದಿ. ಬಸಿರಾಗಿದ್ದೀನಿ ಎಂದು ಹೇಳಲು ಮೂರು ತಿಂಗಳು ತುಂಬಲಿ ಎನ್ನುವ ಪದ್ಧತಿ ಮನೆಯಲ್ಲಿರಲಿ, ಡಾಕ್ಟರ ಹತ್ತಿರ ಮೊದಲ ವಾರವೇ ಹೇಳಿ. ಕೋಟನ್ನು ಹಾಕಿಕೊಂಡೇ ಬಸ್ಸಿನಲ್ಲಿ ಬರುವುದು ಬೇಡ. ಮನೆಗೆ ತಂದರೆ ಮಕ್ಕಳ ಬಟ್ಟೆ ಜತೆ ನೆನೆಹಾಕದೆ ಬೇರೆಯಾಗಿ ಬಿಸಿನೀರಲ್ಲಿ ತೊಳೆಯಿರಿ.

ರೋಗಿಗಳಾಗಿ ಹೋಗುವ ನಾವು ಏನು ಮಾಡಬಹುದು? ಮೊದಲನೆಯದು ಕಣ್ಣು ಬಿಡುವುದು. ಸಲಕರಣೆಯ ಪೌಚನ್ನು ನಿಮ್ಮೆದುರಿಗೇ ಹರಿದು ತೆಗೆಯುತ್ತಾರಾ? ಹಿಂದಿನ ರೋಗಿಗೆ ಹಾಕಿದ ಗ್ಲೌಸಿನಲ್ಲೇ ಮೊಬೈಲ್ ಎತ್ತಿ ಮತ್ತೆ ನಿಮ್ಮ ಬಾಯಿಗೆ ಕೈ ಹಾಕುತ್ತಾರಾ? (ಇದನ್ನು ನಾನೇ ಕಂಡಿದ್ದೇನೆ, ಫೋನಿನಲ್ಲಿ ಸೈಟಿನ ವ್ಯವಹಾರ ನಡೆದಿತ್ತು!) ಗೋಡೆಯ ಮೇಲೆ ಡೆಂಟಲ್ ಕೌನ್ಸಿಲಿನ ನೋಂದಣಿ, ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ ಪ್ರಮಾಣಪತ್ರ ಇದೆಯಾ? ಬಸ್‌ಸ್ಟ್ಯಾಂಡ್ ಪಕ್ಕ ಕೊಡೆ ಬಿಡಿಸಿ ಕೂತು ಹಲ್ಲು ಕಟ್ಟುವವರ ವಿಷಯ ನಾನು ಎತ್ತುವುದೇ ಇಲ್ಲ.

ಕೇಳುವುದಕ್ಕೂ ಒಂದು ರೀತಿ ಇದೆ. ‘ನಿಮ್ಮ ಸಾಮಾನು ಕ್ಲೀನಾಗಿದೆಯಾ’ ಎಂದರೆ ಯಾವ ಡಾಕ್ಟರಿಗೂ ಸಿಟ್ಟು ಬರುತ್ತದೆ. ‘ಡಾಕ್ಟ್ರೇ, ನನಗೆ ಶುಗರ್ ಇದೆ, ಸ್ವಲ್ಪ ಭಯ. ಆಟೋಕ್ಲೇವ್ ಆಗಿರೋ ಪ್ಯಾಕೆಟ್ ತೆಗೀತೀರಾ?’ ಎಂದು ನೋಡಿ. ಒಳ್ಳೆಯವರು ಖುಷಿಯಿಂದ ತೋರಿಸುತ್ತಾರೆ. ನಮ್ಮ ಕಡೆ ಕನ್ನಡ, ಉರ್ದು, ತೆಲುಗು ಮೂರೂ ನಡೆಯುತ್ತದೆ, ಯಾವ ಭಾಷೆಯಲ್ಲಿ ನಿಮಗೆ ಧೈರ್ಯ ಬರುತ್ತದೋ ಅದರಲ್ಲೇ ಕೇಳಿ. ನಿಮ್ಮ ಕಾಯಿಲೆಗಳನ್ನೂ ಮುಚ್ಚಿಡಬೇಡಿ. ಕಾಮಾಲೆ ಆಗಿತ್ತು, ಟಿಬಿ ಔಷಧಿ ನಡೀತಿದೆ ಎಂದು ಹೇಳಿದರೆ ನಿಮಗೆ ಅವಮಾನವಾಗುವುದಿಲ್ಲ. ಒಳ್ಳೆಯ ಕ್ಲಿನಿಕ್ಕಿನಲ್ಲಿ ಪ್ರತಿ ರೋಗಿಯನ್ನೂ ಸೋಂಕು ಇರಬಹುದೆಂದೇ ಭಾವಿಸಿ ಎಚ್ಚರ ವಹಿಸುತ್ತಾರೆ. 2020ರ ಕೊರೊನಾ ಕಾಲದಲ್ಲಿ ಎಲ್ಲ ಕಡೆ ಈ ಎಚ್ಚರ ಎಷ್ಟು ಚೆನ್ನಾಗಿತ್ತು! ಮುಖಕ್ಕೆ ಗಾಜು, ಎನ್-95, ಒಬ್ಬರಾದ ಮೇಲೆ ಒಬ್ಬರು. ಭಯ ಹೋದ ಹಿಂದೆಯೇ ಅದೂ ಎಷ್ಟೋ ಕಡೆ ಹೋಯಿತು.

ಡಾಕ್ಟರುಗಳ ಪರವಾಗಿಯೂ ಒಂದು ಮಾತು. ‘ಹಲ್ಲು ಕೀಳೋಕೆ ಇಷ್ಟಾ? ಪಕ್ಕದ ರಸ್ತೆಲಿ ಅರ್ಧಕ್ಕೆ ಕೀಳ್ತಾರೆ’ ಎಂದು ಸೊಪ್ಪಿನ ಚೌಕಾಸಿ ಮಾಡುವವರು ನಾವೇ ತಾನೇ? ಆ ಅರ್ಧದಲ್ಲಿ ಮೊದಲು ಕತ್ತರಿ ಬೀಳುವುದು ಪೌಚು, ಗ್ಲೌಸು, ಹುಡುಗಿಯ ಸಂಬಳಕ್ಕೆ. ಸಾಲ ಮಾಡಿ ಕುರ್ಚಿ ಹಾಕಿಕೊಂಡ ಹೊಸ ಡಾಕ್ಟರ ಕಷ್ಟ ನನಗೆ ಅರ್ಥವಾಗುತ್ತದೆ. ಆದರೂ ಸಹಾಯಕಿಯ ಮೂರು ಚುಚ್ಚುಮದ್ದಿನ ಖರ್ಚು ಆ ಕುರ್ಚಿಯ ಬೆಲೆಯ ಮುಂದೆ ಲೆಕ್ಕಕ್ಕೇ ಬಾರದು. ಅದನ್ನು ಉಳಿಸುವವರನ್ನು ನಾನು ಬಡವರೆನ್ನಲಾರೆ, ಜಿಪುಣರೆಂದೇ ಅನ್ನುತ್ತೇನೆ.

ಕೆಲಸಕ್ಕೆ ಹೋಗುವ ಮಗಳೋ ಸೊಸೆಯೋ ನಿಮ್ಮ ಮನೆಯಲ್ಲಿದ್ದರೆ ಅಡುಗೆಮನೆಯ ಕ್ಯಾಲೆಂಡರ್ ತೆಗೆದುಕೊಳ್ಳಿ. ಹೆಪಟೈಟಿಸ್ ಬಿ ಲಸಿಕೆಯ ಮೊದಲ ಚುಚ್ಚುಮದ್ದು ಯಾವ ದಿನ ಆಗುತ್ತದೋ ಗುರುತು ಹಾಕಿ. ಅಲ್ಲಿಂದ ಒಂದು ತಿಂಗಳಿಗೆ ಎರಡನೆಯದು, ಮೊದಲನೆಯದರಿಂದ ಆರು ತಿಂಗಳಿಗೆ ಮೂರನೆಯದು. ಎರಡು ಹಾಕಿಸಿ ಮೂರನೆಯದನ್ನು ಮರೆಯುವವರೇ ಹೆಚ್ಚು. ಮೂರೂ ಮುಗಿದು ಒಂದೆರಡು ತಿಂಗಳಾದ ಮೇಲೆ ರಕ್ತ ಪರೀಕ್ಷೆಯಲ್ಲಿ ರಕ್ಷಣೆಯ ಅಂಶ 10ಕ್ಕಿಂತ ಕಡಿಮೆ ಇದ್ದರೆ ಡಾಕ್ಟರನ್ನು ಕೇಳಿ ಮತ್ತೊಮ್ಮೆ ಹಾಕಿಸಬೇಕು. ಖರ್ಚು ಕ್ಲಿನಿಕ್ಕಿನವರದ್ದು, ಕೇಳಿ. ಕೊಡದಿದ್ದರೆ 2018ರಲ್ಲಿ ಶುರುವಾದ ರಾಷ್ಟ್ರೀಯ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಆರೋಗ್ಯ ಕೆಲಸಗಾರರಿಗೆ ಈ ಲಸಿಕೆ ಸೇರಿದೆ, ತಾಲ್ಲೂಕು ಆಸ್ಪತ್ರೆಯಲ್ಲಿ ವಿಚಾರಿಸಿ. ಹಾಕಿಸಿದ ಪ್ರತಿ ಸಲವೂ ತಾರೀಕು ಬರೆಸಿಕೊಂಡು ಆ ಚೀಟಿಯನ್ನು ರೇಷನ್ ಕಾರ್ಡಿನ ಜತೆಗೇ ಇಡಿ.